ಕಪ್ಪು ಕುಳಿ ನೋಡಲು ಸಿಕ್ಕ ನಾಲ್ಕು ದಿನ

ಹಳೆಯ ಎರಡು ರೂಪಾಯಿ ನೋಟು ನೆನಪಿರುವವರಿಗೆ ಅದರ ಹಿಂಬದಿಯ ಚಿತ್ರವೂ ನೆನಪಿರಬೇಕು. ಅಲ್ಲಿ ಹಲವು ಮುಖಗಳನ್ನು ಕೊರೆದ ಹರಳಿನಂಥ ಒಂದು ದುಂಡನೆಯ ವಸ್ತು ಇತ್ತು. ಅದೇ ಆರ್ಯಭಟ, ಭಾರತದ ಮೊದಲ ಉಪಗ್ರಹ. ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ, 26 ಮುಖಗಳ, 360 ಕಿಲೋ ತೂಕದ ಈ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ನೆಲೆಯಿಂದ ಮೇಲೇರಿ ಕಕ್ಷೆ ಸೇರಿತು.

ಸಾಮಾನ್ಯ ಜ್ಞಾನದ ಪುಸ್ತಕಗಳು ಇಷ್ಟು ಹೇಳಿ ಮುಂದೆ ಹೋಗುತ್ತವೆ. ಆ ಉಪಗ್ರಹದ ಒಳಗೆ ಏನಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅದರೊಳಗೆ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಒಂದು ಸೂರ್ಯನನ್ನು ಕುರಿತದ್ದು, ಇನ್ನೊಂದು ಭೂಮಿಯ ಮೇಲ್ವಾತಾವರಣಕ್ಕೆ ಸಂಬಂಧಿಸಿದ್ದು. ಮೂರನೆಯದು ದೂರದ ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ಎಣಿಸುವ ಉಪಕರಣ. ಆಸ್ಪತ್ರೆಯಲ್ಲಿ ಮುರಿದ ಎಲುಬಿನ ಚಿತ್ರ ತೆಗೆಯುತ್ತಾರಲ್ಲ, ಅದೇ ಜಾತಿಯ ಕಿರಣಗಳು ಇವು. ಅವು ಬರುತ್ತಿದ್ದ ಮೂಲಗಳಲ್ಲಿ ಒಂದು, ಕಪ್ಪು ಕುಳಿ ಇರಬಹುದೆಂದು ಆಗ ಜಗತ್ತಿನ ವಿಜ್ಞಾನಿಗಳು ಅನುಮಾನಿಸುತ್ತಿದ್ದ ರಾಜಹಂಸ ಪುಂಜದ ‘ಸಿಗ್ನಸ್ ಎಕ್ಸ್-1’.

ಉಪಕರಣ ಕೆಲಸ ಮಾಡಿದ್ದು ನಾಲ್ಕೇ ದಿನ. ಭೂಮಿಗೆ ಸುಮಾರು 60 ಸುತ್ತು ಹಾಕುವಷ್ಟರಲ್ಲಿ ಆರ್ಯಭಟದ ವಿದ್ಯುತ್ ಪೂರೈಕೆ ಕೆಟ್ಟಿತು, ಮೂರೂ ಪ್ರಯೋಗಗಳು ನಿಂತುಹೋದವು. ವರ್ಷಗಟ್ಟಲೆ ದುಡಿದವರ ಕೈಗೆ ನಾಲ್ಕು ದಿನದ ಲೆಕ್ಕ ಉಳಿಯಿತು.

ಆ ನಾಲ್ಕು ದಿನಗಳಿಂದ ಸಿಕ್ಕಿದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಕ್ಷ-ಕಿರಣ ದೂರದರ್ಶಕವನ್ನು ಆಕಾಶಕ್ಕೇ ಒಯ್ಯಬೇಕೇಕೆ, ಬೆಳಕನ್ನೇ ಹೊರಬಿಡದ ವಸ್ತುವನ್ನು ಅದು ನೋಡುವುದಾದರೂ ಹೇಗೆ ಎಂಬುದನ್ನು ತಿಳಿಯಬೇಕು.

ಅಡಿಕೆ ಮರದೆತ್ತರದ ನೀರು

ದಕ್ಷಿಣ ಕನ್ನಡದ ಕಡಬ ತಾಲೂಕಿನ ಕೋಡಿಂಬಾಳದಂಥ ಊರಿನಲ್ಲಿ ಮಳೆಗಾಲ ಹಿಂದೆ ಸರಿದು, ದಸರೆ ದೀಪಾವಳಿಯ ಹೊತ್ತಿಗೆ ಒಂದು ರಾತ್ರಿ ಮೋಡವಿಲ್ಲದೆ ಸಿಕ್ಕಿತೆನ್ನಿ. ಮುಸ್ಸಂಜೆ ಕಳೆದ ಮೇಲೆ ಅಂಗಳಕ್ಕೆ ಬಂದು ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ, ನೆತ್ತಿಗಿಂತ ಸ್ವಲ್ಪ ಕೆಳಗೆ ಶಿಲುಬೆಯಾಕಾರದ ನಕ್ಷತ್ರಗಳ ಗುಂಪು ಕಾಣುತ್ತದೆ. ಅದೇ ರಾಜಹಂಸ. ರೆಕ್ಕೆ ಬಿಚ್ಚಿ ಆಕಾಶಗಂಗೆಯ ಮೇಲೆ ಹಾರುತ್ತಿರುವ ಹಂಸವೆಂದು ಹಿಂದಿನವರು ಕಲ್ಪಿಸಿಕೊಂಡದ್ದು. ಹಂಸದ ಕೊರಳಿನ ನಡುವಿನಲ್ಲಿ ಸಾಧಾರಣ ಹೊಳಪಿನ ಒಂದು ನಕ್ಷತ್ರವಿದೆ. ಅದರ ತೀರ ಪಕ್ಕದಲ್ಲೇ ಸಿಗ್ನಸ್ ಎಕ್ಸ್-1 ಇರುವುದು. ಬರಿಗಣ್ಣಿಗೆ ಅಲ್ಲಿ ಏನೂ ತೋರುವುದಿಲ್ಲ. ಸಣ್ಣ ದೂರದರ್ಶಕವಿದ್ದರೆ ನೀಲಿ ಬಣ್ಣದ ಒಂದು ತಾರೆ ಕಾಣಬಹುದು. ಆದರೆ ಕ್ಷ-ಕಿರಣಗಳನ್ನು ನೋಡಬಲ್ಲ ಕಣ್ಣು ನಮಗಿದ್ದು, ನಡುವೆ ಗಾಳಿಯೂ ಇಲ್ಲದಿದ್ದರೆ, ಇಡೀ ಆಕಾಶದ ಅತಿ ಪ್ರಖರ ದೀಪಗಳಲ್ಲಿ ಅದೂ ಒಂದಾಗುತ್ತಿತ್ತು.

ತೊಡಕಿರುವುದು ಗಾಳಿಯಲ್ಲಿ. ನಮ್ಮ ತಲೆಯ ಮೇಲಿನ ಗಾಳಿಯನ್ನೆಲ್ಲ ತೂಗಿ ಅಷ್ಟೇ ತೂಕದ ನೀರನ್ನು ನಿಲ್ಲಿಸಿದರೆ ಅದು ಸುಮಾರು 10 ಮೀಟರ್ ಎತ್ತರ ಬರುತ್ತದೆ. ಬೆಳೆದ ಅಡಿಕೆ ಮರದೆತ್ತರದ ನೀರಿನ ಅಡಿಯಲ್ಲಿ ನಾವು ಬದುಕುತ್ತಿದ್ದೇವೆ ಎಂದರೂ ಸರಿಯೆ. ಕಣ್ಣಿಗೆ ಕಾಣುವ ಬೆಳಕು ಈ ಪದರವನ್ನು ಸಲೀಸಾಗಿ ದಾಟುತ್ತದೆ. ಮೈಮಾಂಸವನ್ನು ತೂರಿಹೋಗುವ ಕ್ಷ-ಕಿರಣ ಮಾತ್ರ ಇಷ್ಟು ದಪ್ಪದ ತಡೆಯಲ್ಲಿ ಸಿಕ್ಕಿ ಕರಗಿಹೋಗುತ್ತದೆ. ಜೀವಿಗಳಿಗೆ ಇದೊಂದು ರಕ್ಷೆ, ಖಗೋಳ ವಿಜ್ಞಾನಿಗಳಿಗೆ ಮುಚ್ಚಿದ ಬಾಗಿಲು. ಎಷ್ಟು ಎತ್ತರದ ಬೆಟ್ಟ ಹತ್ತಿದರೂ ಪ್ರಯೋಜನವಿಲ್ಲ. ವಾಯುಮಂಡಲದಿಂದ ಹೊರಗೇ ಹೋಗಬೇಕು.

ಹಾಗೆ ಹೊರಹೋಗುವ ಸಾಧನ ಮನುಷ್ಯನಿಗೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಂತರ. 1962ರ ಜೂನ್ 18ರಂದು ಅಮೆರಿಕದ ವೈಟ್ ಸ್ಯಾಂಡ್ಸ್ ನೆಲೆಯಿಂದ ಹಾರಿದ ಒಂದು ಪುಟ್ಟ ರಾಕೆಟ್, ಚಂದ್ರನಿಂದ ಕ್ಷ-ಕಿರಣ ಬರುತ್ತದೆಯೆ ಎಂದು ಪರೀಕ್ಷಿಸಲು ಹೋಗಿತ್ತು. ವಾಯುಮಂಡಲದ ಮೇಲೆ ಅದು ಇದ್ದದ್ದು ಸುಮಾರು ಆರು ನಿಮಿಷ. ಅಷ್ಟರಲ್ಲಿ ವೃಶ್ಚಿಕ ಪುಂಜದ ಕಡೆಯಿಂದ, ಯಾರೂ ನಿರೀಕ್ಷಿಸದಷ್ಟು ಪ್ರಬಲವಾದ ಕ್ಷ-ಕಿರಣ ಬರುತ್ತಿರುವುದು ಕಂಡಿತು. ಸೂರ್ಯನ ಆಚೆ ಪತ್ತೆಯಾದ ಮೊದಲ ಕ್ಷ-ಕಿರಣ ಮೂಲ ಅದು. ಆ ತಂಡದ ರಿಕಾರ್ಡೋ ಜಿಯಾಕೋನಿ ಅವರಿಗೆ 40 ವರ್ಷಗಳ ನಂತರ, 2002ರಲ್ಲಿ ನೊಬೆಲ್ ಬಹುಮಾನ ಬಂತು. ಸಿಗ್ನಸ್ ಎಕ್ಸ್-1 ಕೂಡ 1964ರಲ್ಲಿ ಇಂಥದೇ ರಾಕೆಟ್ ಹಾರಾಟದಲ್ಲಿ ಸಿಕ್ಕಿತು.

ಕನ್ನಡಿಗರಿಬ್ಬರ ದಾರಿ

ಈ ಹೊಸ ಆಕಾಶವನ್ನು ನೋಡಲು ಭಾರತವೂ ತಡಮಾಡಲಿಲ್ಲ. ಆರಂಭದ ದಿನಗಳಲ್ಲಿ ಎರಡು ದಾರಿಗಳು ಕಾಣುತ್ತವೆ. ಎರಡರಲ್ಲೂ ಕನ್ನಡ ನಾಡಿನವರು ಮುಂದಿದ್ದರು.

ಒಬ್ಬರು ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿ ಅವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿ, ಅಮೆರಿಕದಲ್ಲಿ ಕೆಲವು ವರ್ಷ ದುಡಿದು, 1966ರಲ್ಲಿ ತಾಯ್ನಾಡಿಗೆ ಮರಳಿದರು. ಕೇರಳದ ತುಂಬಾದಿಂದ ಹಾರುತ್ತಿದ್ದ ರಾಕೆಟ್‌ಗಳ ಮೂತಿಯಲ್ಲಿ ಕ್ಷ-ಕಿರಣ ಎಣಿಸುವ ಉಪಕರಣಗಳನ್ನಿಟ್ಟು, 1960ರ ದಶಕದ ಕೊನೆಯಲ್ಲಿ ಅವರ ತಂಡ ವೃಶ್ಚಿಕ ಮತ್ತು ಸೆಂಟಾರಸ್ ಪುಂಜಗಳ ಮೂಲಗಳನ್ನು ಗಮನಿಸಿತು. ಪ್ರತಿ ಹಾರಾಟದಲ್ಲೂ ಸಿಗುತ್ತಿದ್ದುದು ಕೆಲವೇ ನಿಮಿಷ.

ಇನ್ನೊಬ್ಬರು ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದವರು ಅವರು. ನೆಲದಡಿಯ ಕತ್ತಲಲ್ಲಿ ಕೆಲಸ ಕಲಿತ ಅವರು ಬಲೂನುಗಳತ್ತಲೂ ತಿರುಗಿದರು. 1968ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು ಸಂಸ್ಥೆಯ ಮೊದಲ ಕ್ಷ-ಕಿರಣ ದೂರದರ್ಶಕವನ್ನು ಮೇಲಕ್ಕೆ ಒಯ್ದಿತು. ಬಲೂನು ರಾಕೆಟ್ಟಿನಷ್ಟು ಎತ್ತರ ಏರುವುದಿಲ್ಲವಾದ್ದರಿಂದ ಹೆಚ್ಚು ಶಕ್ತಿಯ ಕ್ಷ-ಕಿರಣಗಳು ಮಾತ್ರ ಅದಕ್ಕೆ ಸಿಗುತ್ತವೆ. ಆದರೆ ರಾಕೆಟ್ ನಿಮಿಷಗಳಲ್ಲಿ ಕೆಳಗೆ ಬೀಳುವಾಗ, ಬಲೂನು ಗಂಟೆಗಟ್ಟಲೆ ತೇಲುತ್ತದೆ.

ನಿಮಿಷ ಮತ್ತು ಗಂಟೆಗಳ ಈ ವ್ಯತ್ಯಾಸ ಕಪ್ಪು ಕುಳಿಯ ಮಟ್ಟಿಗೆ ದೊಡ್ಡ ಮಾತು. ಏಕೆಂದರೆ ಕಪ್ಪು ಕುಳಿಯನ್ನು ಗುರುತಿಸುವುದು ಅದರ ರೂಪದಿಂದಲ್ಲ, ಅದರ ಸುತ್ತಲಿನ ಬೆಳಕು ಕಾಲಕಾಲಕ್ಕೆ ಬದಲಾಗುವ ರೀತಿಯಿಂದ.

ಸುಳಿಯ ಬಿಸಿ

ಕಪ್ಪು ಕುಳಿ ಅಥವಾ ಕೃಷ್ಣರಂಧ್ರ ಎಂದರೆ ಅಪಾರ ದ್ರವ್ಯ ಅತಿ ಕಿರಿದಾದ ಜಾಗದಲ್ಲಿ ಕುಸಿದು ಸೇರಿದ ಸ್ಥಿತಿ. ಅದರ ಸುತ್ತ ಒಂದು ಗಡಿಯಿದೆ. ಅದನ್ನು ದಾಟಿ ಒಳಹೋದ ವಸ್ತುವಾಗಲಿ ಬೆಳಕಾಗಲಿ ಹೊರಬರುವಂತಿಲ್ಲ. ಇದನ್ನು ಘಟನಾ ದಿಗಂತ ಎನ್ನುತ್ತಾರೆ. ಒಂಟಿಯಾಗಿ ಇರುವ ಕಪ್ಪು ಕುಳಿ ಹಾಗಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಅದು ಒಂಟಿಯಲ್ಲದೆ ಇನ್ನೊಂದು ನಕ್ಷತ್ರದ ಜೊತೆ ಜೋಡಿಯಾಗಿದ್ದರೆ ಕಥೆ ಬೇರೆ. ಜೊತೆಗಾರ ನಕ್ಷತ್ರದ ಅನಿಲವನ್ನು ಅದು ತನ್ನತ್ತ ಸೆಳೆಯುತ್ತದೆ. ಆ ಅನಿಲ ನೇರವಾಗಿ ಒಳಗೆ ಬೀಳುವುದಿಲ್ಲ. ನೆರೆ ಬಂದ ಕುಮಾರಧಾರೆಯಲ್ಲಿ ಸುಳಿಗೆ ಸಿಕ್ಕ ಸೊಪ್ಪುಕಡ್ಡಿ ನಡುವಿನತ್ತ ಜಾರುವ ಮೊದಲು ಸುತ್ತಿ ಸುತ್ತಿ ಬರುವಂತೆ, ಅನಿಲವೂ ತಟ್ಟೆಯಾಕಾರದಲ್ಲಿ ಸುತ್ತುತ್ತಾ ಒಳಸರಿಯುತ್ತದೆ. ಒಳಗಿನ ಸುತ್ತು ಹೊರಗಿನ ಸುತ್ತಿಗಿಂತ ವೇಗದ್ದು. ಹೀಗಾಗಿ ಒಂದಕ್ಕೊಂದು ಉಜ್ಜಿ ಬಿಸಿಯೇರಿ, ಗಡಿಯ ಸಮೀಪದಲ್ಲಿ ತಾಪ ಕೋಟಿ ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಅಷ್ಟು ಕಾದ ಅನಿಲ ಸೂಸುವುದೇ ಕ್ಷ-ಕಿರಣ. ಗಡಿ ದಾಟುವ ಮುನ್ನ ಅನಿಲ ಕೊಡುವ ಕೊನೆಯ ಸುದ್ದಿಯೆಂದರೆ ಇದು.

ತೊಂದರೆಯೆಂದರೆ, ನ್ಯೂಟ್ರಾನ್ ನಕ್ಷತ್ರವೂ ಹೀಗೆಯೇ ಅನಿಲ ಸೆಳೆದು ಕ್ಷ-ಕಿರಣ ಸೂಸುತ್ತದೆ. 1962ರಲ್ಲಿ ಸಿಕ್ಕ ವೃಶ್ಚಿಕದ ಮೂಲ ಅಂಥದ್ದೇ. ಹಾಗಾದರೆ ಯಾವುದು ಯಾವುದೆಂದು ಹೇಳುವುದು ಹೇಗೆ?

ಇದಕ್ಕೆ ಉತ್ತರದ ಮೊದಲ ಎಳೆ ಕೊಟ್ಟದ್ದು 1970ರ ಡಿಸೆಂಬರ್ 12ರಂದು ಕೀನ್ಯದ ಕರಾವಳಿಯಾಚೆಯ ಕಡಲ ವೇದಿಕೆಯಿಂದ ಹಾರಿದ ಅಮೆರಿಕದ ಉಪಗ್ರಹ. ಅದು ಕೀನ್ಯದ ಸ್ವಾತಂತ್ರ್ಯ ದಿನವಾದ್ದರಿಂದ ಉಪಗ್ರಹಕ್ಕೆ ‘ಉಹುರು’ ಎಂದು ಹೆಸರಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ ಎಂದರ್ಥ. ಕ್ಷ-ಕಿರಣ ಖಗೋಳಕ್ಕೆಂದೇ ಮೀಸಲಾದ ಮೊದಲ ಉಪಗ್ರಹ ಇದು. ಎರಡು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ 339 ಮೂಲಗಳ ಪಟ್ಟಿ ಕೊಟ್ಟಿತು. ಸಿಗ್ನಸ್ ಎಕ್ಸ್-1ರ ಕ್ಷ-ಕಿರಣ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಏರಿಳಿಯುತ್ತದೆ ಎಂಬುದನ್ನು ಅದು ತೋರಿಸಿತು. ಕೆಲವೇ ವರ್ಷಗಳಲ್ಲಿ ಸೆಕೆಂಡಿನ ಸಾವಿರದ ಒಂದಂಶದಲ್ಲೂ ಅದು ಮಿನುಗುತ್ತದೆಂದು ರಾಕೆಟ್ ಪ್ರಯೋಗಗಳು ಹೇಳಿದವು.

ಮಿನುಗಿನಿಂದ ಗಾತ್ರ ತಿಳಿಯುವುದು ಹೀಗೆ: ಶಾಲೆಯ ಮೈದಾನದಲ್ಲಿ ಮಕ್ಕಳು ಉದ್ದ ಸಾಲಾಗಿ ನಿಂತಿದ್ದಾರೆ, ಮುಂದಿನವನು ಹಿಂದಿನವನಿಗೆ ಪಿಸುಮಾತಿನಲ್ಲಿ ಹೇಳಿದ ಮೇಲೆ ಅವನು ಕೂರಬೇಕು ಎಂದಿಟ್ಟುಕೊಳ್ಳಿ. ಸಾಲು ಉದ್ದವಾದಷ್ಟೂ ಎಲ್ಲರೂ ಕೂರಲು ಹೊತ್ತು ಹಿಡಿಯುತ್ತದೆ. ವಿಶ್ವದಲ್ಲಿ ಯಾವ ಸುದ್ದಿಯೂ ಬೆಳಕಿಗಿಂತ ಬೇಗ ಹೋಗದು. ಸೆಕೆಂಡಿನ ಸಾವಿರದ ಒಂದಂಶದಲ್ಲಿ ಬೆಳಕು ಹೋಗುವುದು 300 ಕಿಲೋಮೀಟರ್. ಅಂದಮೇಲೆ ಅಷ್ಟು ಬೇಗ ಮಿನುಗುವ ಜಾಗ ಅದಕ್ಕಿಂತ ದೊಡ್ಡದಿರಲಾರದು. ಮಂಗಳೂರಿನಿಂದ ಬೆಂಗಳೂರಿಗಿರುವ ರಸ್ತೆಯಷ್ಟು ಉದ್ದವೂ ಇಲ್ಲದ ಜಾಗದಿಂದ, ಸೂರ್ಯನನ್ನು ಸಾವಿರಾರು ಪಟ್ಟು ಮೀರಿಸುವ ಪ್ರಖರತೆ ಬರುತ್ತಿತ್ತು.

ಜೊತೆಗಾರ ನೀಲಿ ನಕ್ಷತ್ರವನ್ನು 1971ರಲ್ಲಿ ಗುರುತಿಸಿದ ಮೇಲೆ ತೂಕದ ಲೆಕ್ಕವೂ ಸಿಕ್ಕಿತು. ಆ ನಕ್ಷತ್ರ ಕಾಣದ ಸಂಗಾತಿಯ ಜೊತೆ 5.6 ದಿನಕ್ಕೊಮ್ಮೆ ಸುತ್ತುತ್ತಿತ್ತು. ಸಂಗಾತಿಯ ತೂಕ ನ್ಯೂಟ್ರಾನ್ ನಕ್ಷತ್ರಕ್ಕೆ ಸಾಧ್ಯವಿರುವ ಮಿತಿಯನ್ನು ಮೀರಿತ್ತು. ಆದರೂ ಸಂಶಯ ಹೋಗಲಿಲ್ಲ. 1974ರಲ್ಲಿ ಸ್ಟೀಫನ್ ಹಾಕಿಂಗ್, ಇದು ಕಪ್ಪು ಕುಳಿಯಲ್ಲ ಎಂದು ಕಿಪ್ ಥಾರ್ನ್ ಜೊತೆ ಪಂದ್ಯ ಕಟ್ಟಿದರು. ಅವರು ಸೋಲೊಪ್ಪಿಕೊಂಡದ್ದು 1990ರಲ್ಲಿ.

ಪೀಣ್ಯದ ಷೆಡ್ಡುಗಳು

ಪಂದ್ಯ ಕಟ್ಟಿದ ಮರುವರ್ಷವೇ ಆರ್ಯಭಟ ಹಾರಿತು. ಸೋವಿಯತ್ ಒಕ್ಕೂಟ ಉಪಗ್ರಹವನ್ನು ಉಚಿತವಾಗಿ ಹಾರಿಸಿಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1972ರ ಮೇ ತಿಂಗಳಲ್ಲಿ. ಸಾರಾಭಾಯಿ ಆಗಲೇ ತೀರಿಕೊಂಡಿದ್ದರು. ಉಪಗ್ರಹ ಕಟ್ಟುವ ಹೊಣೆ ಯು.ಆರ್. ರಾವ್ ಅವರ ಹೆಗಲಿಗೆ ಬಂತು. ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಕಲ್ನಾರು ಶೀಟು ಹೊದೆಸಿದ ನಾಲ್ಕು ಷೆಡ್ಡುಗಳು ಅವರ ಕಾರ್ಯಾಗಾರವಾದವು. ಕೆಲಸಕ್ಕೆ ಸೇರಿದ ಎಂಜಿನಿಯರುಗಳಲ್ಲಿ ಬಹುತೇಕರು ಎಳೆಯರು. ಉಪಗ್ರಹವೊಂದನ್ನು ಹಿಂದೆ ಕಣ್ಣಾರೆ ಕಂಡವರೇ ಅವರಲ್ಲಿ ಅಪರೂಪ. ಬೆಂಗಳೂರಿನಲ್ಲಿ ದತ್ತಾಂಶ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಅದಕ್ಕಾಗಿ ಮಾರ್ಪಡಿಸಿದ್ದನ್ನು ರಾವ್ ಮುಂದೆ ನೆನೆಸಿಕೊಂಡಿದ್ದಾರೆ.

ಮೊದಲ ಉಪಗ್ರಹದಲ್ಲೇ ವಿಜ್ಞಾನದ ಉಪಕರಣ ಏಕೆ ಎಂಬ ಪ್ರಶ್ನೆ ಸಹಜ. ಹಾರಿದರೆ ಸಾಕು, ಸಂದೇಶ ಕಳಿಸಿದರೆ ಸಾಕು ಎನ್ನಬಹುದಿತ್ತು. ಆದರೆ ಉಪಗ್ರಹ ಕಟ್ಟುತ್ತಿದ್ದವರ ಮುಂದಾಳುಗಳು ಮೂಲತಃ ಆಕಾಶವನ್ನು ಓದುವವರೇ ಆಗಿದ್ದರು. ರಾವ್ ಅವರ ಜೊತೆಗಿದ್ದ ಕೆ. ಕಸ್ತೂರಿರಂಗನ್, ಮುಂದೆ ಇಸ್ರೋ ಅಧ್ಯಕ್ಷರಾದವರು, ಕ್ಷ-ಕಿರಣ ಖಗೋಳದಲ್ಲೇ ಸಂಶೋಧನೆ ಮಾಡಿದ್ದರು. ತುಂಬಾದ ರಾಕೆಟ್ಟುಗಳಲ್ಲಿ ನಿಮಿಷಗಳನ್ನು ಎಣಿಸಿದವರಿಗೆ ಉಪಗ್ರಹವೆಂದರೆ ತಿಂಗಳುಗಳ ಕಾಲ ನೋಡುವ ಅವಕಾಶ.

ಆ ತಿಂಗಳುಗಳು ಬರಲಿಲ್ಲ. ಬಂದದ್ದು ನಾಲ್ಕು ದಿನ. ಆ ಅವಧಿಯಲ್ಲಿ ಸಿಗ್ನಸ್ ಎಕ್ಸ್-1 ಮತ್ತು ಇನ್ನು ಕೆಲವು ಮೂಲಗಳ ಕ್ಷ-ಕಿರಣಗಳನ್ನು ಆರ್ಯಭಟ ದಾಖಲಿಸಿತ್ತು. ಸಿಕ್ಕಷ್ಟನ್ನು ಜಾಲಾಡಿ, ರಾವ್, ಕಸ್ತೂರಿರಂಗನ್ ಮತ್ತು ಸಂಗಡಿಗರು ಬರೆದ ಪ್ರಬಂಧಗಳು 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದವು. ಉಪಗ್ರಹದ ಜೊತೆಗಿನ ಸಂಪರ್ಕ ಮಾತ್ರ 1981ರವರೆಗೂ ಉಳಿದಿತ್ತು. ಅದು ಭೂಮಿಯನ್ನು ಸುತ್ತುತ್ತಲೇ ಇತ್ತು, ಉತ್ತರಿಸುತ್ತಿತ್ತು, ಆದರೆ ಆಕಾಶವನ್ನು ನೋಡುತ್ತಿರಲಿಲ್ಲ. 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಮರಳಿ ಉರಿದುಹೋಯಿತು.

ಅನಿಲ ಮಾಯವಾದ ಕ್ಷಣ

ಆರ್ಯಭಟದ ನಂತರ ಇಸ್ರೋ ದೂರಸಂವೇದಿ ಮತ್ತು ಸಂಪರ್ಕ ಉಪಗ್ರಹಗಳತ್ತ ಹೊರಳಿತು. ಬೆಳೆ, ಮಳೆ, ದೂರವಾಣಿ, ಟಿ.ವಿ. ಇವುಗಳ ಮುಂದೆ ಕಪ್ಪು ಕುಳಿ ಸರದಿಯಲ್ಲಿ ಹಿಂದೆ ನಿಲ್ಲಬೇಕಾದ್ದು ನ್ಯಾಯವೇ. ಕ್ಷ-ಕಿರಣದವರು ಬಲೂನುಗಳನ್ನು ಹಾರಿಸುತ್ತ ಕಾದರು.

ಮುಖ್ಯ ಅವಕಾಶ ಬಂದದ್ದು 21 ವರ್ಷಗಳ ನಂತರ. 1996ರ ಮಾರ್ಚ್ 21ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ಹೊತ್ತೊಯ್ದ ಐಆರ್‌ಎಸ್-ಪಿ3 ಉಪಗ್ರಹದ ಮುಖ್ಯ ಕೆಲಸ ಭೂಮಿಯನ್ನು ನೋಡುವುದು. ಅದರಲ್ಲೇ ಒಂದಿಷ್ಟು ಜಾಗ ಪಡೆದು, ಮುಂಬಯಿಯ ಟಾಟಾ ಸಂಸ್ಥೆ ಮತ್ತು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರು ತಮ್ಮ ಕ್ಷ-ಕಿರಣ ಉಪಕರಣಗಳನ್ನು ಕೂರಿಸಿದ್ದರು. ಬಾಡಿಗೆ ಮನೆಯ ಮೂಲೆಯ ಕೋಣೆ ಎನ್ನಿ. ಉಪಕರಣ ಸರಳವೇ: ಅನಿಲ ತುಂಬಿದ ಪೆಟ್ಟಿಗೆ, ಅದರೊಳಗೆ ತೆಳು ತಂತಿಗಳು. ಒಂದು ಕ್ಷ-ಕಿರಣ ಕಣ ಒಳಹೊಕ್ಕರೆ ಒಂದು ವಿದ್ಯುತ್ ಮಿಡಿತ. ಆ ಮಿಡಿತ ಯಾವ ಕ್ಷಣದಲ್ಲಿ ಬಂತು, ಎಷ್ಟು ಬಲದ್ದು ಎಂದು ಬರೆದಿಡುವುದೇ ಅದರ ಕೆಲಸ. ಅದು ಚಿತ್ರ ತೆಗೆಯುವುದಿಲ್ಲ.

ಈ ಪೆಟ್ಟಿಗೆಗಳು ಗರುಡ ಪುಂಜದ ಜಿಆರ್‌ಎಸ್ 1915+105 ಎಂಬ ಮೂಲವನ್ನು ನೋಡಿದವು. 1992ರಲ್ಲಿ ಪತ್ತೆಯಾಗಿದ್ದ ಇದು ಸುಮಾರು 30 ಸಾವಿರ ಜ್ಯೋತಿರ್ವರ್ಷ ದೂರದ್ದು. ಅದರ ಕ್ಷ-ಕಿರಣ ನಿಧಾನವಾಗಿ ಏರಿ, ಥಟ್ಟನೆ ಇಳಿದು, ಮತ್ತೆ ಏರುತ್ತಿತ್ತು. ಹೆಚ್ಚುಕಡಿಮೆ ನಿಯಮಿತವಾಗಿ ಇದು ಮರುಕಳಿಸುತ್ತಿತ್ತು. ಈ ಏರಿಳಿತಕ್ಕೆ ಬಿಸ್ವಜಿತ್ ಪಾಲ್, ಪಿ.ಸಿ. ಅಗ್ರವಾಲ್ ಮತ್ತು ಸಂಗಡಿಗರು 1998ರಲ್ಲಿ ಒಂದು ವಿವರಣೆ ಮುಂದಿಟ್ಟರು. ಒಳಸುತ್ತಿನ ಅನಿಲ ತುಂಬುತ್ತ ಬಂದು, ಒಮ್ಮೆಲೆ ಘಟನಾ ದಿಗಂತವನ್ನು ದಾಟಿ ಮಾಯವಾಗುತ್ತಿರಬಹುದು ಎಂಬುದು ಅದರ ತಿರುಳು. ನ್ಯೂಟ್ರಾನ್ ನಕ್ಷತ್ರವಾಗಿದ್ದರೆ ಅದಕ್ಕೆ ಗಟ್ಟಿ ಮೈಯಿದೆ. ಬಿದ್ದ ಅನಿಲ ಅಲ್ಲಿ ಅಪ್ಪಳಿಸಿ ಮತ್ತಷ್ಟು ಬೆಳಕು ಕೊಡಬೇಕು. ಇಲ್ಲಿ ಬಿದ್ದದ್ದು ಸದ್ದಿಲ್ಲದೆ ಹೋಗುತ್ತಿತ್ತು. ಕಪ್ಪು ಕುಳಿಯ ಗಡಿಗೆ ಇದು ಪರೋಕ್ಷ ಸಾಕ್ಷಿ. ಆರು ನಿಮಿಷದ ರಾಕೆಟ್ ಹಾರಾಟದಲ್ಲಿ ಈ ಲಯ ಹಿಡಿಯುವುದು ಕಷ್ಟವಿತ್ತು. ಹೊತ್ತು ಕೊಟ್ಟು ಮತ್ತೆ ಮತ್ತೆ ನೋಡಿದ್ದರಿಂದ ಅದು ಸಿಕ್ಕಿತು.

ಕಾಗದದ ಮೇಲೆ ಕಪ್ಪು ಕುಳಿಯನ್ನು ಅರಿಯುವ ಕೆಲಸದಲ್ಲೂ ಬೆಂಗಳೂರಿನ ಪಾಲಿದೆ. 1938ರಲ್ಲಿ ಇಲ್ಲೇ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಅಲುಗಿಸಿದ ಕಪ್ಪು ಕುಳಿ ಹೊಡೆದ ಗಂಟೆಯಂತೆ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪು ಕುಳಿಗಳು ಕೂಡಿದಾಗ ಎದ್ದ ಗುರುತ್ವ ತರಂಗ ಅಮೆರಿಕದ ಲೈಗೋ ಉಪಕರಣಗಳಿಗೆ ಮೊದಲ ಬಾರಿ ಸಿಕ್ಕಿತು. ಆ ಸುದ್ದಿ ಪ್ರಕಟವಾದದ್ದು 2016ರ ಫೆಬ್ರವರಿಯಲ್ಲಿ. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ. 45 ವರ್ಷಗಳ ಹಿಂದಿನ ಲೆಕ್ಕಕ್ಕೆ ಪ್ರಕೃತಿ ಕೊಟ್ಟ ಉತ್ತರವನ್ನು ಅವರು ಕಂಡು ಹೋದರು.

ಹತ್ತು ವರ್ಷದ ಕಣ್ಣು

ಆ ತರಂಗ ಭೂಮಿಯನ್ನು ಹಾದುಹೋದ ಎರಡೇ ವಾರದಲ್ಲಿ, 2015ರ ಸೆಪ್ಟೆಂಬರ್ 28ರಂದು, ಆಸ್ಟ್ರೋಸ್ಯಾಟ್ ಕಕ್ಷೆ ಸೇರಿತು. ಖಗೋಳ ವೀಕ್ಷಣೆಗೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹವಿದು. ತೂಕ 1,515 ಕಿಲೋ, ಆರ್ಯಭಟದ ನಾಲ್ಕು ಪಟ್ಟಿಗೂ ಹೆಚ್ಚು. ಅತಿನೇರಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆ ಆವರಣದಲ್ಲಿ ಜೋಡಿಸಿತು. ಕ್ಷ-ಕಿರಣದ ಮುಖ್ಯ ಉಪಕರಣಗಳು ಟಾಟಾ ಸಂಸ್ಥೆಯವು. ಎಲ್ಲಾದರೂ ಹೊಸ ಮೂಲ ಭುಗಿಲೆದ್ದಿತೆ ಎಂದು ಆಕಾಶವನ್ನು ಕಾಯುವ ಉಪಕರಣ ಬೆಂಗಳೂರಿನ ಉಪಗ್ರಹ ಕೇಂದ್ರದ್ದು. ಅದೇ ಕೇಂದ್ರಕ್ಕೆ 2018ರಲ್ಲಿ ಯು.ಆರ್. ರಾವ್ ಅವರ ಹೆಸರಿಡಲಾಯಿತು.

ಆಸ್ಟ್ರೋಸ್ಯಾಟ್‌ನಲ್ಲಿ ಎಣಿಸುವ ಪೆಟ್ಟಿಗೆಗಳ ಜೊತೆಗೆ ಕ್ಷ-ಕಿರಣಗಳನ್ನು ಒಂದೆಡೆ ಕೂಡಿಸುವ ಕನ್ನಡಿಗಳೂ ಇವೆ. ಕ್ಷ-ಕಿರಣ ಸಾಮಾನ್ಯ ಕನ್ನಡಿಗೆ ನೇರವಾಗಿ ಬಡಿದರೆ ಒಳಗೆ ಹೊಕ್ಕುಬಿಡುತ್ತದೆ, ಹಿಂದಿರುಗುವುದಿಲ್ಲ. ಆದರೆ ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಅದು ಮುಳುಗದೆ ಹಾರಿ ಹೋಗುವಂತೆ, ತೀರ ಓರೆಯಾಗಿ ಸವರಿದ ಕ್ಷ-ಕಿರಣ ಪುಟಿಯುತ್ತದೆ. ಅದಕ್ಕಾಗಿ ಈ ಕನ್ನಡಿಗಳು ತಟ್ಟೆಯಂತಿರದೆ ಒಂದರೊಳಗೊಂದು ಹೊಂದಿಸಿದ ಕೊಳವೆಗಳಂತಿರುತ್ತವೆ. 1999ರಲ್ಲಿ ಹಾರಿದ ಅಮೆರಿಕದ ಕ್ಷ-ಕಿರಣ ದೂರದರ್ಶಕ ಚಂದ್ರಾದ ಒಳಗೂ ಇದೇ ತತ್ವವಿದೆ. ಅದರ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಇಟ್ಟದ್ದು.

ಆಸ್ಟ್ರೋಸ್ಯಾಟ್ ಮತ್ತು ಚಂದ್ರಾ ಎರಡೂ ನೋಡಿದ ಒಂದು ಮೂಲ 4ಯು 1630-47. ಹೆಸರಿನ ಮೊದಲಲ್ಲಿರುವ ‘ಯು’ ಎಂದರೆ ಉಹುರು, ಅದರ ನಾಲ್ಕನೆಯ ಪಟ್ಟಿಯ ನೆನಪು. ಅದು ಸಾಧ್ಯವಿರುವ ಗರಿಷ್ಠ ವೇಗದ ಸಮೀಪದಲ್ಲಿ ತನ್ನ ಸುತ್ತ ತಾನೇ ತಿರುಗುತ್ತಿದೆ ಎಂದು ಭಾರತೀಯ ವಿಜ್ಞಾನಿಗಳಿದ್ದ ತಂಡ 2018ರಲ್ಲಿ ಪ್ರಕಟಿಸಿತು. ಕಪ್ಪು ಕುಳಿಗೆ ಬಣ್ಣವಿಲ್ಲ, ಮೈಯಿಲ್ಲ. ತೂಕ ಮತ್ತು ತಿರುಗಾಟ ಇವೆರಡೇ ಅದರ ಗುರುತಿನ ಚೀಟಿಯಲ್ಲಿರುವ ಮುಖ್ಯ ವಿವರಗಳು. ತಿರುಗುವ ವೇಗ ಹೆಚ್ಚಿದಂತೆ ಅನಿಲದ ತಟ್ಟೆ ಗಡಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಅದರ ಕ್ಷ-ಕಿರಣದ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯಿಂದ ವೇಗವನ್ನು ಅಳೆದರು.

ಸಿಗ್ನಸ್ ಎಕ್ಸ್-1 ಕೂಡ ಮರೆತುಹೋಗಲಿಲ್ಲ. 2021ರಲ್ಲಿ ಪ್ರಕಟವಾದ ಹೊಸ ಅಳತೆಯ ಪ್ರಕಾರ ಅದು 7,200 ಜ್ಯೋತಿರ್ವರ್ಷ ದೂರದಲ್ಲಿದ್ದು, ಸೂರ್ಯನ 21 ಪಟ್ಟು ತೂಗುತ್ತದೆ. ಅದರಿಂದ ಬರುವ ಹೆಚ್ಚು ಶಕ್ತಿಯ ಕ್ಷ-ಕಿರಣಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆಯೆ ಎಂಬುದನ್ನು ಆಸ್ಟ್ರೋಸ್ಯಾಟ್ ಪರೀಕ್ಷಿಸಿ ಹೌದೆಂಬ ಉತ್ತರ ಕೊಟ್ಟಿತು. ಅದು ಪ್ರಕಟವಾದದ್ದು 2024ರಲ್ಲಿ. ಆರ್ಯಭಟ ನೋಡಿ ಅರ್ಧ ಶತಮಾನವಾಗುತ್ತ ಬಂದಿತ್ತು.

ಐದು ವರ್ಷ ಬಾಳಲೆಂದು ರೂಪಿಸಿದ ಆಸ್ಟ್ರೋಸ್ಯಾಟ್ 2025ರ ಸೆಪ್ಟೆಂಬರ್‌ಗೆ ಹತ್ತು ವರ್ಷ ಪೂರೈಸಿತು. ಅದಕ್ಕೆ ಆದೇಶ ಕಳಿಸುವ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಪೀಣ್ಯದಲ್ಲಿ. ಷೆಡ್ಡುಗಳಲ್ಲಿ ಆರ್ಯಭಟ ಕಟ್ಟಿದ ಅದೇ ಬಡಾವಣೆ.

ಕೈಯಿಂದ ಕೈಗೆ

2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿತು. ಕ್ಷ-ಕಿರಣಗಳ ಕಂಪನದ ದಿಕ್ಕನ್ನು ಅಳೆಯುವುದಕ್ಕಾಗಿಯೇ ಮಾಡಿದ ಉಪಗ್ರಹವಿದು. ಇದರ ಮುಖ್ಯ ಉಪಕರಣ ‘ಪೋಲಿಕ್ಸ್’ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ನಡುವೆ ಬೆರಿಲಿಯಂ ಲೋಹದ ಬಿಲ್ಲೆ, ನಾಲ್ಕೂ ಕಡೆ ಅನಿಲದ ಪೆಟ್ಟಿಗೆಗಳು. ಬಿಲ್ಲೆಗೆ ತಾಗಿದ ಕಿರಣ ಯಾವ ಕಡೆಗೆ ಹೆಚ್ಚು ಚೆದುರುತ್ತದೆಂದು ಎಣಿಸಿದರೆ, ಕಪ್ಪು ಕುಳಿಯ ಸುತ್ತಲಿನ ಕಾದ ಅನಿಲ ಯಾವ ಆಕಾರದಲ್ಲಿ ಹರಡಿದೆ ಎಂದು ತಿಳಿಯುವ ದಾರಿ ತೆರೆಯುತ್ತದೆ. ಈ ಉಪಕರಣದ ಹೊಣೆ ಹೊತ್ತವರು ಬಿಸ್ವಜಿತ್ ಪಾಲ್. 1998ರಲ್ಲಿ, ಮೂಲೆಯ ಕೋಣೆಯಂಥ ಆ ಉಪಕರಣದ ಅಂಕಿಗಳಲ್ಲಿ ಅನಿಲ ಮಾಯವಾಗುವ ಲಯ ಗುರುತಿಸಿದ ಅದೇ ವಿಜ್ಞಾನಿ.

ಆರ್ಯಭಟದ ನಾಲ್ಕು ದಿನ ಕೊಟ್ಟ ಖಗೋಳ ಜ್ಞಾನ ಅಲ್ಪ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಅಷ್ಟು ಹೊತ್ತಿಗೆ ಉಹುರು ಮತ್ತು ಅದರ ನಂತರದ ಉಪಗ್ರಹಗಳು ಅದಕ್ಕಿಂತ ಎಷ್ಟೋ ಹೆಚ್ಚು ನೋಡಿಯಾಗಿತ್ತು. ಆದರೆ ಕ್ಷ-ಕಿರಣ ಎಣಿಸುವ ಪೆಟ್ಟಿಗೆಯನ್ನು ಸೋರದಂತೆ ಮುಚ್ಚುವುದು, ಮೇಲೆ ಅದರ ವಿದ್ಯುತ್ ಕೆಡದಂತೆ ಕಾಯುವುದು, ಬಂದ ಮಿಡಿತಗಳಲ್ಲಿ ನಿಜವಾದದ್ದನ್ನು ಹೆಕ್ಕುವುದು ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆಗಳಲ್ಲ. ಅವು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ಕಲಿಯುವಂಥವು. ಪೀಣ್ಯದಲ್ಲಿ ಕಲಿತದ್ದು ಐಆರ್‌ಎಸ್-ಪಿ3ಕ್ಕೆ ಬಂತು, ಅಲ್ಲಿ ಕಲಿತದ್ದು ಆಸ್ಟ್ರೋಸ್ಯಾಟ್‌ಗೆ, ಅಲ್ಲಿಂದ ಎಕ್ಸ್‌ಪೋಸ್ಯಾಟ್‌ಗೆ. 21 ವರ್ಷಗಳ ಬಿಡುವಿನಲ್ಲೂ ಬಲೂನುಗಳನ್ನು ಹಾರಿಸುತ್ತ ಕೈಯ ರೂಢಿ ತಪ್ಪದಂತೆ ನೋಡಿಕೊಂಡವರಿದ್ದರಿಂದಲೇ ಈ ಸಾಲು ತುಂಡಾಗಲಿಲ್ಲ.

ಎಕ್ಸ್‌ಪೋಸ್ಯಾಟ್‌ಗೆ ಗೊತ್ತುಮಾಡಿದ ಆಯುಷ್ಯ ಸುಮಾರು ಐದು ವರ್ಷ. ಹೊಸ ಉಪಗ್ರಹವೊಂದು ಕಾಗದದಿಂದ ಕಕ್ಷೆಗೆ ಹೋಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಮುಂದಿನ ಕಣ್ಣು ಯಾವಾಗ ತೆರೆಯುತ್ತದೆ ಎಂಬುದು, ಈಗ ಆ ಉಪಕರಣಗಳ ಪಕ್ಕದಲ್ಲಿ ಕೂತು ಯಾರು ಕಲಿಯುತ್ತಿದ್ದಾರೆ ಎಂಬುದರ ಮೇಲೆ ನಿಂತಿದೆ.